ಚಾಪೆ ಹೊದ್ದು ಕೂತವರು

ವೈಲೋಲೊ, ಸವಾಯಿ ದ್ವೀಪ
22 ಫೆಬ್ರವರಿ 1994

ಮಗಳು ರೂತಾಳಿಗೆ, ನಿನ್ನ ಸೋದರಮಾವ ಲೆಮಾಲು ತವಿತಾ ಬರೆಯುವುದು.

ಈ ದ್ವೀಪಕ್ಕೆ ಸುವಾರ್ತೆಯನ್ನು ತಂದವನು ನಾನೇ. ಮೊದಲನೆಯ ಮಿಷನರಿ ದೋಣಿಯಿಂದ ಇಳಿಯುವಾಗ ಅವನ ಬೂಟು ನೆನೆಯದಿರಲೆಂದು ಬೆನ್ನ ಮೇಲೆ ಹೊತ್ತು ದಡಕ್ಕೆ ತಂದು ಇಳಿಸಿದೆ. ಅದಾಗಿ ನೂರಾ ಅರವತ್ತು ವರ್ಷವಾಯಿತು, ಇವನಿಗಿನ್ನೂ ಐವತ್ತೆಂಟು ಎಂದು ಲೆಕ್ಕ ಹಾಕುವವರು ಹಾಕಲಿ. ಆಗ ಹೊತ್ತವನ ತಲೆಯ ಮೇಲೆ ಲೆಮಾಲು ಎಂಬ ಪಟ್ಟವಿತ್ತು, ಈಗ ಅದು ನನ್ನ ತಲೆಯ ಮೇಲಿದೆ. ಆದ್ದರಿಂದ ಹೊತ್ತವನೂ ನಾನೇ, ಬೆನ್ನುನೋವೂ ನನ್ನದೇ.

ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮಿಷನರಿ ಕೆಲಸದ ಗಂಧ ನನಗಿಲ್ಲ ಎಂದು ನಿನ್ನೆ ನಮ್ಮ ಪಾದ್ರಿಗಳು ಊರ ಸಭೆಯಲ್ಲಿ ಎಲ್ಲರೆದುರು ಹೇಳಿದರು. ಮಾತು ಶುರುವಾದದ್ದು ನಿನ್ನಿಂದ.

"ಲೆಮಾಲು, ನಿಮ್ಮ ತಂಗಿ ಮಗಳು ಸಮುದ್ರದಾಚೆ ಸುವಾದಲ್ಲಿ ನಾಲ್ಕು ವರ್ಷ ದೇವರ ವಿದ್ಯೆ ಓದಿ ಬಂದು ಜೈಲು ಸೇರಿದಾಳಂತೆ?" ಅಂದರು.

"ಸೇರಿದಾಳೆ. ಕೈದಿಯಾಗಿ ಅಲ್ಲ, ಪಾದ್ರಿಯಾಗಿ," ಅಂದೆ.

"ಹೆಂಗಸಿಗೆ ಸೇವೆ ಮಾಡೋಕೆ ದಾರಿ ಎಷ್ಟಿಲ್ಲ? ಭಾನುವಾರದ ಶಾಲೆ ಇದೆ, ಹಾಡೋ ಗುಂಪಿದೆ, ಪಾದ್ರಿ ಹೆಂಡ್ತಿ ಆಗೋದಿದೆ."

"ಗಂಡಸಿಗೂ ಇಷ್ಟೇ ದಾರಿ ಇದ್ದಿದ್ರೆ ನೀವು ಯಾರ ಹೆಂಡ್ತಿ ಆಗ್ತಿದ್ರಿ, ಅಯ್ಯನೋರೇ?" ಅಂದೆ.

ಸಭೆಯಲ್ಲಿ ಯಾರೂ ನಗಲಿಲ್ಲ. ಹೊರಗೆ ಹೋಗಿ ನಕ್ಕರು.

ನಿನ್ನ ಅಮ್ಮ ನನ್ನೊಡನೆ ಮಾತು ಬಿಟ್ಟಿದ್ದಾಳೆ, ನಿನ್ನ ತಲೆ ಕೆಡಿಸಿದವನು ನಾನೇ ಎಂದು. ಪಕ್ಕದೂರಿನ ಆ ದೇವವಿದ್ಯೆಯ ಹುಡುಗ ಪಾದ್ರಿಯಾಗಬೇಕಾದರೆ ಮೊದಲು ಮದುವೆಯಾಗಬೇಕು, ಅದು ನಮ್ಮಲ್ಲಿನ ಕಟ್ಟಳೆ. ಅವನಿಗೆಂದೇ ಅವಳು ನಿನ್ನನ್ನು ಮನಸ್ಸಿನಲ್ಲಿಟ್ಟುಕೊಂಡು, ನಿನ್ನ ಮದುವೆಗೆಂದು ನೇಯ್ದ ನವಿರು ಚಾಪೆಯನ್ನು ಹಾಸಿಗೆಯಡಿ ಮಡಿಸಿ ಇಟ್ಟಿದ್ದಳು. ನೀನು ಒಲ್ಲೆನೆಂದೆ. ಸರಿ ಮಾಡಿದೆ. ಸೆರೆಯಲ್ಲಿದ್ದವರನ್ನು ಹೋಗಿ ನೋಡಿ ಎಂದು ಕರ್ತನು ಹೇಳಿದ್ದು ನನಗೆ ನೆನಪಿದೆ. ಮೊದಲು ಗಂಡನನ್ನು ಹುಡುಕಿಕೊಂಡು ಹೋಗಿ ಎಂದು ಹೇಳಿದ್ದು ನೆನಪಿಲ್ಲ. ನಾನು ಓದಿದ್ದು ಪಾದ್ರಿಯ ಜಗಲಿಯ ಶಾಲೆಯಲ್ಲಿ ನಾಲ್ಕನೆಯವರೆಗೆ ಮಾತ್ರ. ಐದನೆಯದರಲ್ಲಿ ಇತ್ತೋ ಏನೋ.

ಏನು ಬೇಕಾದರೂ ಕೇಳು. ನನ್ನ ಕೈಯಲ್ಲಿ ಆಗದ್ದು ಈ ದ್ವೀಪದಲ್ಲಿಲ್ಲ.

ನಿನ್ನ ಬೆನ್ನಿಗಿರುವ ಮಾವ,
ಲೆಮಾಲು ತವಿತಾ


ಆಪಿಯಾ
14 ಮಾರ್ಚ್ 1994

ಪ್ರೀತಿಯ ಮಾವ,

ಕೇಳಿ ಎಂದಿರಿ, ಕೇಳುತ್ತಿದ್ದೇನೆ. ಆಮೇಲೆ ಕಾಗದ ಸಿಗಲಿಲ್ಲ ಎನ್ನಬೇಡಿ.

ಇಲ್ಲಿ ನನಗೆ ದೀಕ್ಷೆಯಿಲ್ಲ, ಸಂಬಳ ಹೆಸರಿಗಷ್ಟೆ. ಆರು ತಿಂಗಳು ನೋಡೋಣ ಎಂದಿದ್ದಾರೆ ಸೆರೆಮನೆಯ ದೊಡ್ಡ ಅಧಿಕಾರಿ. ಮೊದಲ ದಿನ ಅಂಗಳದಲ್ಲಿ ನಿಂತಾಗ ಕೈದಿಯೊಬ್ಬ, "ಹೆಂಡ್ತಿ ಬಂದಿದಾರೆ, ಪಾದ್ರಿ ಎಲ್ಲಿ?" ಎಂದು ಕೂಗಿದ. "ಪಾದ್ರಿ ಇಲ್ಲೇ ನಿಂತಿದಾಳೆ. ಅವಳಿಗೆ ಹೆಂಡ್ತಿ ಇನ್ನೂ ಸಿಕ್ಕಿಲ್ಲ," ಅಂದೆ. ಆವತ್ತಿನಿಂದ ಪ್ರಾರ್ಥನೆಗೆ ಬರುತ್ತಾರೆ, ಅರ್ಧ ಜನ ನನ್ನನ್ನು ರೇಗಿಸಲು.

ಬರದೆ ಇರುವವನು ನಮ್ಮೂರಿನ ಮಲಾಕಿ. ಮೂರು ವರ್ಷದ ಹಿಂದೆ ಕಿಲಿಕಿಟಿ ಆಟದಲ್ಲಿ ಅಂಪೈರ್ ಎನೋಸಾ ಔಟ್ ಕೊಟ್ಟರೆಂದು ಕುಡಿದ ಅಮಲಿನಲ್ಲಿ ಅವರ ಮುಖಕ್ಕೆ ಬ್ಯಾಟ್ ಬೀಸಿದವನು. ಎನೋಸಾ ಅವರ ಒಂದು ಕಣ್ಣು ಹೋಯಿತು, ಇವನು ಒಳಗೆ ಬಂದ, ಇವನ ತಾಯಿಯನ್ನು ಊರು ಹೊರಗೆ ಹಾಕಿತು. ಆಕೆ ಈಗ ಆಪಿಯಾದಾಚೆ ಯಾರದೋ ಕೊಬ್ಬರಿ ಒಣಗಿಸುವ ಕೊಟ್ಟಿಗೆಯಲ್ಲಿದ್ದಾರೆ. ಆಗಸ್ಟ್ ಐದಕ್ಕೆ ಇವನ ಬಿಡುಗಡೆ. ಕಾಲಿಟ್ಟರೆ ಕಾಲು ಮುರಿಯುತ್ತೇವೆ ಎಂದು ನಮ್ಮೂರ ಹುಡುಗರು ಹೇಳಿ ಕಳಿಸಿದ್ದಾರೆ.

ನಿಮಗೆ ನಾನು ಹೇಳಬೇಕಾಗಿಲ್ಲ. ತಪ್ಪು ಮಾಡಿದವನ ಕಡೆಯ ಹಿರಿಯನೊಬ್ಬ ನವಿರು ಚಾಪೆ ಹೊದ್ದು ನೊಂದವರ ಮನೆಯ ಮುಂದೆ ಇಫೊಂಗಾ ಕೂರದ ಹೊರತು, ಮನೆಯವರು ಬಂದು ಆ ಚಾಪೆ ಎತ್ತದ ಹೊರತು, ಇದು ಮುಗಿಯುವುದಿಲ್ಲ. ಇವನ ಮನೆತನದಲ್ಲಿ ಪಟ್ಟ ಹೊತ್ತವರು ಯಾರೂ ಉಳಿದಿಲ್ಲ. ನಿನ್ನನ್ನು ಮನೆಗೆ ಮುಟ್ಟಿಸುತ್ತೇನೆ ಎಂದು ನಾನು ಮಾತು ಕೊಟ್ಟಿದ್ದೇನೆ. ಅವನಿಗಾಗಿ ಕೂರುವ ಒಬ್ಬ ಹಿರಿಯರನ್ನು ಹುಡುಕಿ ಕೊಡಿ. ಕೂತವರು ಅವನ ನೆಂಟರಾದಂತೆ ಎಂಬುದೂ ನನಗೆ ಗೊತ್ತು.

ಅಮ್ಮನಿಗೆ ಎರಡು ಕಾಗದ ಬರೆದೆ. ಉತ್ತರವಿಲ್ಲ.

ನಿಮ್ಮ
ರೂತಾ


ವೈಲೋಲೊ
13 ಏಪ್ರಿಲ್ 1994

ಮಗಳೇ,

ನೀನು ಕೇಳಿದ್ದು ಒಬ್ಬ ಹಿರಿಯನನ್ನು. ಈ ಊರಿನಲ್ಲಿ ಸಿಗುವ ಅತ್ಯುತ್ತಮನನ್ನೇ ಆರಿಸಿದೆ: ನನ್ನನ್ನು.

ಸೋಮವಾರ ಸಭೆಯಲ್ಲಿ ಕೋಲೂರಿ ನಿಂತು ಮಾತಾಡಿದೆ. ನನ್ನ ಮಾತಿಗೆ ಹೊರಗಿನ ಅಲೆ ಕೂಡ ದಡಕ್ಕೆ ಬಾರದೆ ನಿಂತು ಕೇಳಿತು. ಸಭೆ ಕೇಳಲಿಲ್ಲ. ಊರಿಂದ ಹೊರಗೆ ಹಾಕಿಸಿಕೊಂಡವರ ಪರವಾಗಿ ಯಾರೂ ಕೂರಕೂಡದು, ಕೂತರೆ ದಂಡ ಎಂದರು. ಪಾದ್ರಿಗಳು, "ಜೈಲಲ್ಲಿ ಹೆಣ್ಣುಮಗಳೊಬ್ಬಳು ಕೊಟ್ಟ ಮಾತಿಗೆ ಊರು ಕಟ್ಟುಬೀಳೋಕಾಗಲ್ಲ," ಅಂದರು.

"ಊರು ಬೇಡ. ಮಾವ ಕಟ್ಟುಬಿದ್ದಿದಾನೆ," ಎಂದು ಎದ್ದು ಬಂದೆ.

ನಿನ್ನೆ ಬೆಳಕು ಹರಿಯುವ ಮುಂಚೆ ನನ್ನಜ್ಜಿ ನೇಯ್ದ, ನಮ್ಮ ಪಟ್ಟದ ಚಾಪೆಯನ್ನು ಹಾಸಿಗೆಯಡಿಯಿಂದ ಎಳೆದು ಹೊದ್ದುಕೊಂಡು ಎನೋಸಾನ ದಾಯಾದಿ ಲಫಾಯೆಲೆಯ ಮನೆಯ ಮುಂದೆ ಕೂತೆ. ಕ್ಷಮೆ ಕೇಳುವುದು ಮನೆತನದ ಮುಖ್ಯಸ್ಥನನ್ನು ಎಂಬುದು ನನಗೆ ತಿಳಿಯದ್ದಲ್ಲ. ಬಿಸಿಲು ಹಲಸಿನ ತುದಿಗೂ ಏರಿರಲಿಲ್ಲ, ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಓಡಿ ಬಂದ.

"ಏಳಿ ಲೆಮಾಲು, ಏಳಿ. ಎನೋಸಾ ನನ್ನ ಚಿಕ್ಕಪ್ಪನ ಮಗ. ಈ ಮನೆತನದ ಮುಖ್ಯಸ್ಥನಾಗಿ ನಾನು ಕ್ಷಮಿಸಿದೀನಿ." ಆ 'ಮುಖ್ಯಸ್ಥನಾಗಿ' ಎಂಬುದನ್ನು ಮತ್ತೆ ಹೇಳಿದ, ಈ ಸಲ ರಸ್ತೆಯ ಕಡೆ ತಿರುಗಿ, ಗಟ್ಟಿಯಾಗಿ.

ಬೇಯಿಸಿದ ಬಾಳೆಕಾಯಿ, ಡಬ್ಬಿಮೀನು ಉಂಡೆವು. ಕೆಸುವಿಗೆ ರೋಗ ಬಂದಮೇಲೆ ದೊಡ್ಡವರ ಮನೆಯಲ್ಲೂ ಬಾಳೆಕಾಯೇ. ಸಾಮೋವಾದಲ್ಲಿ ಇಷ್ಟು ಬೇಗ ಮುಗಿದ ಇಫೊಂಗಾ ಹಿಂದೆ ಇರಲಿಲ್ಲ, ಮುಂದೆ ಇರುವುದಿಲ್ಲ. ಮಲಾಕಿಗೆ ಹೇಳು, ಅವನಿಗೀಗ ಒಬ್ಬ ಮಾವ ಸಿಕ್ಕಿದ್ದಾನೆ.

ಜಯಶಾಲಿ,
ಲೆಮಾಲು ತವಿತಾ

ಎನೋಸಾನ ಮನೆಯ ಕಡೆಯಿಂದ ಯಾರೋ ನನ್ನ ಹೆಸರು ಹಿಡಿದು ಕೂಗುತ್ತಿದ್ದಾರೆ. ಉಪಕಾರ ನೆನೆಯುವುದಕ್ಕಿರಬೇಕು.


ಆಪಿಯಾ
2 ಮೇ 1994

ಮಾವ,

ನೀವು ಯಾರ ಮನೆಯ ಮುಂದೆ ಕೂತಿರಿ?

ಆ ಮನೆತನದ ಪಟ್ಟಕ್ಕಾಗಿ ಎನೋಸಾ ಮತ್ತು ಲಫಾಯೆಲೆ ಎರಡು ವರ್ಷದಿಂದ ಕೋರ್ಟು ಅಲೆಯುತ್ತಿದ್ದಾರೆ. ನೀವು ಲಫಾಯೆಲೆಯ ಪಟ್ಟದ ಔತಣದಲ್ಲಿ ಹಂದಿ ಉಂಡು ಬಂದವರು, ಅದಕ್ಕೆ ನಿಮ್ಮ ಮಟ್ಟಿಗೆ ಅವರೇ ಮುಖ್ಯಸ್ಥರು. ಆದರೆ ಕಣ್ಣು ಹೋದದ್ದು ಎನೋಸಾ ಅವರದು. ಮಲಾಕಿ ಅವರ ಕಣ್ಣು ತೆಗೆದ, ನೀವು ಹೋಗಿ ಪಟ್ಟವನ್ನೂ ತೆಗೆದಿರಿ.

ಮಲಾಕಿಗೆ ಹೇಳಿದಾಗ ನಕ್ಕ. ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಸಂಜೆ ಊಟ ಮುಟ್ಟಲಿಲ್ಲ.

ನಮ್ಮ ಪಾದ್ರಿಗಳು ಇಲ್ಲಿನ ಅಧಿಕಾರಿಗೆ ಬರೆದಿದ್ದಾರೆ, ನಾನು ಊರ ಶಾಂತಿ ಕದಡುತ್ತಿದ್ದೇನೆ, ನನ್ನ ಜಾಗಕ್ಕೆ ದೀಕ್ಷೆಯಾದವರೊಬ್ಬರನ್ನು ಹಾಕಿ ಎಂದು. ಅಧಿಕಾರಿ ನನ್ನನ್ನು ಕರೆದು ಓದಿ ಹೇಳಿದರು. ಆರು ತಿಂಗಳಾದ ಮೇಲೆ ಬೇಡ ಎಂದರೆ ಹೋಗುತ್ತೇನೆ, ಅದಕ್ಕೂ ಮುಂಚೆ ಕಳಿಸುವುದಾದರೆ ನಾಲ್ಕು ಜನ ಹೊತ್ತು ಹೊರಗಿಡಬೇಕಾಗುತ್ತದೆ ಎಂದು ಹೇಳಿ ಬಂದೆ. ರಜೆ ಕೇಳಿದೆ, ಕೊಡಲಿಲ್ಲ. ಇಲ್ಲದಿದ್ದರೆ ನಾನೇ ಬಂದು ಕೂರುತ್ತಿದ್ದೆ.

ಅಮ್ಮ ಈಗಲೂ ನನ್ನ ಹೆಸರೆತ್ತುವುದಿಲ್ಲವೇ?

ರೂತಾ


ವೈಲೋಲೊ
9 ಜೂನ್ 1994

ಮಗಳೇ,

ಉತ್ತರ ತಡವಾಯಿತು. ನಾಚಿಕೆಯಿಂದ ಎಂದುಕೊಳ್ಳಬೇಡ, ನಾನು ನಾಚಿದ್ದನ್ನು ನೋಡಿದವರು ಯಾರೂ ಬದುಕಿಲ್ಲ. ಮಂಡಿ ಊದಿ ಮಲಗಿದ್ದೆ. ಮಂಡಿಗೂ ಬರವಣಿಗೆಗೂ ಏನು ಸಂಬಂಧ ಎಂದು ಕೇಳಬೇಡ.

ಎನೋಸಾನ ಮುಂದೆ ಮತ್ತೆ ಕೂರಬೇಕೆಂದರೆ ನನ್ನಲ್ಲಿ ಚಾಪೆಯಿರಲಿಲ್ಲ. ನನ್ನಜ್ಜಿಯ ಚಾಪೆಯನ್ನು ಲಫಾಯೆಲೆ ಹೋಗಿಬರುವವರಿಗೆಲ್ಲ ಬಿಚ್ಚಿ ತೋರಿಸುತ್ತಿದ್ದಾನೆ. ದಂಡದ ಹೆದರಿಕೆಗೆ ಊರಲ್ಲಿ ಒಬ್ಬರೂ ಕೊಡಲಿಲ್ಲ. ಕೊನೆಗೆ ನಿನ್ನ ಅಮ್ಮನ ಮನೆಯ ಅಂಗಳದಲ್ಲಿ ನಿಂತು, "ಪಾಲೆಪಾ, ಒಂದು ಹಾಸಿಗೆ ಬಟ್ಟೆ ಇದ್ರೆ ಕೊಡು," ಅಂದೆ.

ಎಷ್ಟೋ ತಿಂಗಳ ಮೇಲೆ ಅವಳು ನನಗೆ ಆಡಿದ ಮೊದಲ ಮಾತು: "ಹಾಸಿಗೆ ಬಟ್ಟೆ ಹೊದ್ಕೊಂಡು ಕ್ಷಮೆ ಕೇಳೋಕೆ ಹೋಗ್ತೀಯಾ? ಥೂ." ಬಟ್ಟೆ ಮಾತ್ರ ಎಸೆದಳು. ನೀಲಿ ಹೂವಿನದು.

ಮರುದಿನ ಅದನ್ನೇ ಹೊದ್ದು ಕೂತೆ. ನಮ್ಮ ಮನೆಗಳಿಗೆ ಗೋಡೆಯಿಲ್ಲದ್ದು ಎಂಥ ಅನುಕೂಲವೆಂದು ಆವತ್ತು ತಿಳಿಯಿತು. ಎನೋಸಾ ನನಗೆ ಬೆನ್ನು ಹಾಕಿ ಕೋಕೋ ಕುಡಿಯುವುದು ಇಡೀ ಊರಿಗೆ ಕಾಣುತ್ತಿತ್ತು. ನನ್ನ ಹೂವುಗಳೂ ಕಾಣುತ್ತಿದ್ದವು. ಬಸ್ಸಿನವನು ನಿಲ್ಲಿಸಿ, "ಲೆಮಾಲು, ಮಲಗೋಕೆ ಮನೇಲಿ ಜಾಗ ಇಲ್ವಾ?" ಎಂದು ಕೇಳಿ ಹೋದ.

ಬಿಸಿಲೇರಿದ ಮೇಲೆ ಯಾರೋ ಬಟ್ಟೆಯನ್ನು ಕಿತ್ತೆಸೆದರು. ಹೊಡೆತ ಬಿತ್ತೆಂದು ಕಣ್ಣು ಮುಚ್ಚಿದೆ. ರೇಷ್ಮೆಯಂಥ ಭಾರವೊಂದು ತಲೆಯ ಮೇಲೆ ಇಳಿಯಿತು. ಪಕ್ಕದಲ್ಲಿ ನಿನ್ನ ಅಮ್ಮ ಬಂದು ಕೂತಳು.

"ಆಚೆ ಸರಿ," ಅಂದಳು.

"ಪಾಲೆಪಾ, ಇದು ರೂತಾ ಮದುವೆ ಚಾಪೆ ಅಲ್ವೇನೆ?"

"ಮದುವೆ ಎಲ್ಲಿದೆ?"

"ಅದಲ್ಲ. ಬೆಳೆದ ಅಣ್ಣ ತಂಗಿ ಒಂದೇ ಚಾಪೆ ಕೆಳಗೆ ಅಂದ್ರೆ ಊರು ಏನನ್ನುತ್ತೆ?"

"ನೀನು ಬಾಯಿ ಮುಚ್ಕೊಂಡಿದ್ರೆ ನಾನು ಒಬ್ಳೇ ಇದೀನಿ ಅಂದ್ಕೋತಾರೆ."

ಮೀಸೆ ಮೂಡಿದ ಮೇಲೆ ನಾನು ಅವಳ ಅಷ್ಟು ಹತ್ತಿರ ಕೂತವನಲ್ಲ, ಯಾರು ಕೂರುತ್ತಾರೆ? ಅವಳು ಮುದುಕಿಯಂತೆ ಉಸಿರಾಡುವುದು ನನಗೆ ಗೊತ್ತಿರಲಿಲ್ಲ. ಚಾಪೆಯ ಅಂಚು ಸರಿಮಾಡುತ್ತ ಕೇಳಿದಳು.

"ಅಲ್ಲಿ ಏನು ಮಾಡ್ತಾಳೆ ಅವಳು?"

"ಕೈದಿಗಳ ಜೊತೆ ಪ್ರಾರ್ಥನೆ ಮಾಡ್ತಾಳೆ. ಅವರ ಮನೆಗೆ ಕಾಗದ ಬರೆದು ಕೊಡ್ತಾಳೆ. ಬೈಸ್ಕೋತಾಳೆ, ಬೈತಾಳೆ."

"ಊಟ?"

"ಅದು ಬರೆದಿಲ್ಲ."

"ನೀನು ಕೇಳಿಲ್ಲ."



ಮಧ್ಯಾಹ್ನ ಪಾದ್ರಿಗಳು ಕೊಡೆ ಹಿಡಿದು ಬಂದರು. "ಪಾಲೆಪಾ, ಎದ್ದು ಮನೆಗೆ ಹೋಗಿ. ನಿಮ್ಮಂಥ ಹೆಣ್ಣುಮಗಳಿಗೆ ಇದು ಶೋಭೆಯಲ್ಲ," ಅಂದರು.

ಚಾಪೆಯ ಕೆಳಗಿಂದಲೇ ಉತ್ತರ ಹೋಯಿತು. "ಅಯ್ಯನೋರೇ, ಪಾದ್ರಿಗಳು ಈ ದ್ವೀಪಕ್ಕೆ ಬರೋ ಮುಂಚೆ ಮೊದಲ ಪಂಕ್ತಿ ಊಟ ಅಕ್ಕತಂಗೀರದ್ದಾಗಿತ್ತು. ನೀವು ಬಂದ್ರಿ ಅಂತ ಎದ್ದು ಕೊಟ್ವಿ. ಕೊಟ್ಟಿದ್ದು ಜಾಗ. ಬಾಯಿ ಕೊಟ್ಟಿಲ್ಲ."

ಕೊಡೆ ಹೊರಟುಹೋಯಿತು. ಸ್ವಲ್ಪ ಹೊತ್ತಿಗೆ ಯಾರೋ ಚಾಪೆಯ ಮೇಲೆ ತಣ್ಣೀರು ಸುರಿದರು. ಅಂಚಿನಡಿಯಿಂದ ಇಣುಕಿದೆ. ಪಾದ್ರಿಗಳ ಹೆಂಡತಿಯ ಪಾದ. ನಮ್ಮ ಬೇಗೆ ಇಳಿಯಲೆಂದು ಆಕೆ ಇನ್ನೊಂದು ಬಕೆಟ್ಟು ತರಲು ಹೋದರು.

ಬಿಸಿಲು ಇಳಿಯುವಾಗ ಎನೋಸಾ ಬಂದ. ಒಂದು ಕಡೆಯಿಂದ ಮಾತ್ರ ಚಾಪೆ ಎತ್ತಿದ. "ನೀವು ಏಳಿ ಅಕ್ಕ. ಅಕ್ಕತಂಗೀರನ್ನ ಬಿಸಿಲಲ್ಲಿ ಕೂರಿಸಿ ನಾನು ಅವರ ಶಾಪ ಹೊರಲಾರೆ. ಈ ಮನುಷ್ಯ ಬೇಕಾದ್ರೆ ಇನ್ನೊಂದು ವಾರ ಕೂತಿರಲಿ."

"ಎತ್ತಿದ್ರೆ ಇಬ್ಬರ ಮೇಲಿಂದಲೂ ಎತ್ತು," ಅಂದಳು ನಿನ್ನ ಅಮ್ಮ.

ಎತ್ತಿದ. ಆಮೇಲೆ ಒಂದೇ ಕಣ್ಣಿನಲ್ಲಿ ನನ್ನನ್ನು ನೋಡುತ್ತ ಹೇಳಿದ: "ಚಾಪೆ ತಗೋತೀನಿ. ಕಣ್ಣಿನ ಲೆಕ್ಕ ಬಿಟ್ಟೆ. ಆದ್ರೆ ಆವತ್ತು ಚೆಂಡು ಅವನ ಬ್ಯಾಟು ಸವರಿಕೊಂಡೇ ಕೀಪರ್ ಕೈಗೆ ಹೋಗಿದ್ದು. ಎರಡೂ ಕಣ್ಣಿಂದ ನೋಡಿದೀನಿ. ಅವನು ಔಟು. ಬಂದು ಹಾಗಂತ ಒಪ್ಕೋಬೇಕು. ಒಪ್ಪದೆ ಊರೊಳಗೆ ಕಾಲಿಡೋ ಹಾಗಿಲ್ಲ."

ಅಷ್ಟೇ, ಮಗಳೇ. ಒಂದು ಮಾತು. ಹೇಳಿಸಿಬಿಡು.

ನಿನ್ನ ಮಾವ, ಊದಿದ ಮಂಡಿಯ
ತವಿತಾ


ಆಪಿಯಾ
25 ಜುಲೈ 1994

ಪ್ರೀತಿಯ ಮಾವ,

ಚಾಪೆಯ ಸುದ್ದಿ ಹೇಳಿದಾಗ ಮಲಾಕಿ ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ಎನೋಸಾ ಅವರ ಕಾಲು ಹಿಡಿಯುತ್ತೇನೆ, ಬದುಕಿರುವ ತನಕ ಅವರ ತೋಟದಲ್ಲಿ ದುಡಿಯುತ್ತೇನೆ ಎಂದ. "ಆದ್ರೆ ಅಕ್ಕ, ಅದು ಸವರಿರಲಿಲ್ಲ," ಎಂದ.

ಈಗ ಇಡೀ ಸೆರೆಮನೆಯಲ್ಲಿ ಎರಡು ಪಕ್ಷ. ಕಾವಲುಗಾರರೂ ಜಗಳವಾಡುತ್ತಿದ್ದಾರೆ. "ಒಂದು ಸುಳ್ಳಲ್ವಾ, ಹೇಳಿ ಮನೆಗೆ ಹೋಗೋ," ಎನ್ನುವವರೇ ಹೆಚ್ಚು. ನನಗೂ ನಾಲಗೆಯ ತುದಿಗೆ ಬಂದಿತ್ತು. ಅವನ ತಾಯಿಯ ಕೊಟ್ಟಿಗೆ ನೋಡಿ ಬಂದ ದಿನವಂತೂ ಹೇಳಿಯೇಬಿಡುವವಳಿದ್ದೆ.

ಹೇಳಲಿಲ್ಲ ಮಾವ. ಮೂರು ವರ್ಷ ಇವನು ಎಲ್ಲರೂ ಅಂದದ್ದಕ್ಕೆಲ್ಲ ತಲೆಯಾಡಿಸಿದ್ದಾನೆ. ಸ್ವಂತದ್ದೆಂದು ಉಳಿಸಿಕೊಂಡಿರುವ ಮಾತು ಇದೊಂದೇ. ಅದನ್ನೂ ಕಿತ್ತುಕೊಂಡು ಕರೆತಂದರೆ ನಾನು ಪಾದ್ರಿಯಲ್ಲ, ಇನ್ನೊಬ್ಬ ಕಾವಲುಗಾರ್ತಿ.

ಅಧಿಕಾರಿ ಅವನ ಜೊತೆ ದೀಕ್ಷೆಯಾದವರೊಬ್ಬರನ್ನು ಕಳಿಸುತ್ತೇನೆ ಎಂದರು. ಬೇಡ ಎಂದೆ. ಶನಿವಾರ, ಆರನೆಯ ತಾರೀಖು, ದೋಣಿಗೆ ಇಬ್ಬರೂ ಬರುತ್ತೇವೆ. ಕೋಲು ಹಿಡಿದವರು ನನ್ನನ್ನು ದಾಟಿ ಅವನನ್ನು ಹೊಡೆಯಲಿ.

ಅಮ್ಮನಿಗೆ ಹೇಳಿ, ಊಟ ಮಾಡುತ್ತಿದ್ದೇನೆ.

ನಿಮ್ಮ
ರೂತಾ


ವೈಲೋಲೊ
17 ಆಗಸ್ಟ್ 1994

ಮಗಳೇ,

ಶನಿವಾರದ್ದನ್ನು ನೀನೇ ನೋಡಿದೆ. ಕೋಲು ಹಿಡಿದ ಹುಡುಗರ ಮುಂದೆ ನೀನು, ನಿನ್ನ ಹಿಂದೆ ಅವನು. ಎನೋಸಾ "ಔಟು ತಾನೆ?" ಎಂದು ಕೇಳಿದ್ದು, ಇವನು ಮಣ್ಣಿನಲ್ಲಿ ಮಂಡಿಯೂರಿಕೊಂಡೇ "ಅಲ್ಲ" ಎಂದದ್ದು, ಎನೋಸಾ ಹುಡುಗರ ಕೋಲನ್ನು ಕೆಳಗಿಳಿಸಿ "ಸೋಮವಾರ ಮೈದಾನಕ್ಕೆ ಬಾ, ನೋಡ್ಕೋತೀನಿ" ಎಂದದ್ದು. ಎರಡು ರಾತ್ರಿ ನನ್ನ ಮನೆಯಲ್ಲಿ ಅವನು ಮಲಗಲಿಲ್ಲ, ನಾನೂ ಮಲಗಲಿಲ್ಲ. ನೀನು ಸೋಮವಾರ ಮೊದಲ ದೋಣಿಗೆ ಕೆಲಸಕ್ಕೆ ಹೊರಟುಬಿಟ್ಟೆ. ಮುಂದಿನದು ಕೇಳು.

ಊರೆಲ್ಲ ಮೈದಾನದ ಸುತ್ತ ಕೂತಿತ್ತು, ಪಾದ್ರಿಗಳೂ. ಎನೋಸಾ ಬ್ಯಾಟು ತಂದು ಇವನ ಕಾಲ ಬಳಿ ಹಾಕಿದ. ಇವನು ಮುಟ್ಟಲೊಲ್ಲ.

"ಎತ್ಕೊ," ಅಂದ ಎನೋಸಾ. "ನಾನೇ ಚೆಂಡು ಹಾಕ್ತೀನಿ."

"ಬೇಡಿ ಅಣ್ಣ. ನಿಮಗೆ ತಾಗಿದ್ರೆ?"

"ಇನ್ನೊಂದು ಕಣ್ಣಿದೆ. ಎತ್ಕೊ."

ಒಂಟಿ ಕಣ್ಣಿನವನ ಮೊದಲ ಚೆಂಡು ಎಲ್ಲೋ ಹೋಗಿ ನಮ್ಮ ಮುದುಕರ ಸಾಲಿಗೆ ಬಿತ್ತು. ಯಾರೂ ನಗಲಿಲ್ಲ. ಎರಡನೆಯದು ಸರಿಯಾಗಿ ಬಂತು. ಇವನು ಬೀಸಿದ. ಚೆಂಡು ಹಿಂದೆ ಕೀಪರ್ ಕೈ ಸೇರಿತು. ತಾಗಿತೋ ಇಲ್ಲವೋ ನನ್ನಾಣೆಗೂ ಕೇಳಿಸಲಿಲ್ಲ, ನನ್ನ ಕಿವಿಗೆ ಸಮುದ್ರದಾಚೆಯ ಪಿಸುಮಾತೂ ಕೇಳಿಸುತ್ತದೆ. ಎನೋಸಾ ಕೈಯೆತ್ತಲಿಲ್ಲ. 

ಮಲಾಕಿ ಬ್ಯಾಟು ಕೆಳಗಿಟ್ಟ. "ಔಟು," ಅಂದ. "ಸವರಿತು."

"ಆವತ್ತು?"

"ಆವತ್ತು ಸವರಿಲ್ಲ."

ಎನೋಸಾ ಬಂದು ಬ್ಯಾಟು ಎತ್ತಿಕೊಂಡ. "ಮೊಂಡ ನನ್ಮಗನೆ," ಅಂದ. "ನೀನು ಸುಳ್ಳು ಹೇಳೋನಲ್ಲ. ನನಗೆ ಹಾಗೆ ಕಂಡಿತ್ತು, ಅಷ್ಟೇ. ಹೋಗು, ನಿನ್ನಮ್ಮನ್ನ ಕರ್ಕೊಂಡು ಬಾ."

ಮೊನ್ನೆ ಸಭೆ ಸೇರಿತು. ನಾನು ಆಜ್ಞೆ ಮೀರಿ ಕೂತದ್ದಕ್ಕೆ ದಂಡ. ಪಾದ್ರಿಗಳು ಕೇಳಿದರು, "ಲೆಮಾಲು, ಪಶ್ಚಾತ್ತಾಪ ಇದೆಯಾ?"

"ಇದೆ ಅಯ್ಯನೋರೇ. ಲಫಾಯೆಲೆಗೆ ಕೊಟ್ಟ ಚಾಪೆ ನೆನೆಸಿಕೊಂಡ್ರೆ ಹೊಟ್ಟೆ ಉರಿಯುತ್ತೆ," ಅಂದೆ. "ಉಳಿದದ್ದು ನಾಳೆಯೂ ಮಾಡ್ತೀನಿ. ಆರು ತಿಂಗಳಾದ ಮೇಲೂ ನಮ್ಮ ಹುಡುಗೀನ ಇರು ಅಂದಿದಾರಂತೆ ಜೈಲಿನವರು. ನೀವು ಇನ್ನೊಂದು ಕಾಗದ ಬರೀಬೇಕಾಗುತ್ತೆ."

ದಂಡದ ಹಂದಿಯಲ್ಲಿ ಬೆನ್ನಿನ ಭಾಗ ಪದ್ಧತಿಯಂತೆ ಅವರ ಮನೆಗೇ ಹೋಯಿತು. ನನ್ನ ಹಂದಿ ತಿಂದವರು ನನ್ನ ಮಾತನ್ನೂ ಜೀರ್ಣಿಸಿಕೊಳ್ಳಲಿ. ದೋಣಿ ಹತ್ತುವಾಗ ನೀನು ಚಿಂತೆ ಮಾಡಿದ್ದೆ, ಎಷ್ಟು ಹೋಗುತ್ತದೋ ಎಂದು. ಹೆಚ್ಚೇನಿಲ್ಲ. ಒಂದು ಸಣ್ಣ ಹಂದಿ, ಅದೂ ಕುಂಟ.

ಈ ದ್ವೀಪದಲ್ಲಿ ಸೋತು ಗೊತ್ತಿಲ್ಲದ,
ನಿನ್ನ ಮಾವ ಲೆಮಾಲು ತವಿತಾ

ಈ ಕಾಗದವನ್ನು ನಿನ್ನ ಅಮ್ಮ ಓದಿಸಿ ಕೇಳಿದಳು. "ಪಾದ್ರಿಗೆ ಬರೆಯೋ ಕಾಗದದಲ್ಲಿ ಸುಳ್ಳು ಬರೀಬೇಡ," ಅಂದಳು. ಪಾದ್ರಿ ಎಂದಳು, ನಾನು ಸೇರಿಸಿದ್ದಲ್ಲ. ಆದ್ದರಿಂದ ಬರೆಯುತ್ತೇನೆ: ಎಂಟು ಹಂದಿ, ನಲವತ್ತು ಪೆಟ್ಟಿಗೆ ಡಬ್ಬಿಮೀನು, ಅಜ್ಜಿಯ ಚಾಪೆ. ನನ್ನ ಹಂದಿ ಕೊಟ್ಟಿಗೆಯಲ್ಲಿ ಈಗ ಏನೂ ಇಲ್ಲ.